ಮಣ್ಣಿನ ಸೇಂದ್ರಿಯಾಂಶವನ್ನು ಬೆಳಕಿನಿಂದ ಅರಿಯುವ ಕ್ರಮ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ಉಪಯೋಗಕ್ಕಾಗಿ

1. ಈ ತಾಲ್ಲೂಕುಗಳ ಹೊಲಗಳಲ್ಲಿ ಬಹುಭಾಗವು ಮರಳು ಬೆರೆತ ಕೆಂಪು ಭೂಮಿ. ಇಂಥ ಭೂಮಿಯಲ್ಲಿ ನೀರನ್ನೂ ಸಾರವನ್ನೂ ಹಿಡಿದಿಡಲು ಮುಖ್ಯವಾಗಿ ನೆರವಾಗುವುದು ಕೊಳೆತ ಸೊಪ್ಪು, ಬೇರು, ಸಗಣಿಗಳ ಅಂಶವು. ಇದೇ ಸೇಂದ್ರಿಯಾಂಶ. ರಾಗಿಯ ಹುಲ್ಲು ದನಗಳಿಗೂ, ಹಿಪ್ಪುನೇರಳೆ ಸೊಪ್ಪು ಹುಳುಗಳಿಗೂ, ಸಗಣಿಯು ಬೆರಣಿಯಾಗಿ ಒಲೆಗೂ ಹೋದರೆ ಭೂಮಿಗೆ ಹಿಂದಿರುಗುವುದೇನು?

2. ಸೇಂದ್ರಿಯಾಂಶವನ್ನು ಅದರಲ್ಲಿರುವ ಇಂಗಾಲದಿಂದ ಅಳೆಯುವರು. ನೂರು ಭಾಗ ಮಣ್ಣಿನಲ್ಲಿ ಇಂಗಾಲವು ಅರ್ಧ ಭಾಗಕ್ಕಿಂತ ಕಡಮೆಯಾದರೆ ಕೊರತೆ. ಮುಕ್ಕಾಲು ಭಾಗವನ್ನು ಮೀರಿದರೆ ಸಮೃದ್ಧಿ. ವಾಕ್ಲೀ ಮತ್ತು ಬ್ಲ್ಯಾಕ್ ಎಂಬವರು 1934ರಲ್ಲಿ ಪ್ರಕಟಿಸಿದ ಆಮ್ಲವಿಧಾನವು ಇದಕ್ಕೆ ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ಇಂಗಾಲವು ಎಷ್ಟಿದೆಯೆಂದು ಹೇಳುವುದೇ ಹೊರತು ಎಂಥದೆಂದು ಹೇಳದು.

3. ಎಂಥದೆಂಬುದನ್ನು ತಿಳಿಸುವುದು ರೋಹಿತ ಪರೀಕ್ಷೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಮಣ್ಣಿನ ಹುಡಿಯ ಮೇಲೆ ಹಾಯಿಸಿದರೆ ಒಂದೊಂದು ಬಗೆಯ ಪರಮಾಣು ಬಂಧವು ತನಗೆ ಹೊಂದುವ ಕಿರಣವನ್ನೇ ಹೀರುವುದು. ಎಲೆಯ ಮೇಣದಂಥ ಪದಾರ್ಥಗಳು ಸುಮಾರು 3.4 ಮೈಕ್ರಾನ್ ಅಲೆಯುದ್ದದಲ್ಲಿಯೂ, ಕಳಿತ ಗೊಬ್ಬರದ ಆಮ್ಲಾಂಶಗಳು ಸುಮಾರು 5.8 ಮೈಕ್ರಾನಿನಲ್ಲಿಯೂ ಗುರುತು ಬಿಡುವುವು. ಶ್ರೀ ಸಿ. ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ಬೆಳಕಿನ ಚದರಿಕೆಯೂ ಇಂಥ ಬಂಧಗಳನ್ನೇ ತೋರಿಸುವುದು. ಆದರೆ ಕಪ್ಪು ಗೊಬ್ಬರಾಂಶವು ತಾನೇ ಹೊಳೆದು ಆ ಗುರುತನ್ನು ಮುಚ್ಚುವುದುಂಟು.

4. ಮರಳೂ ಜೇಡಿಯೂ ಅವಕೆಂಪು ಕಿರಣಗಳನ್ನು ಹೀರುವುದರಿಂದ, ಈ ಸೀಮೆಯ ಮಣ್ಣನ್ನೇ ಮೊದಲು ಆಮ್ಲವಿಧಾನದಿಂದ ಅಳೆದು ಯಂತ್ರವನ್ನು ಹೊಂದಿಸಿಕೊಳ್ಳಬೇಕು. ಬೇರೆ ಸೀಮೆಯ ಲೆಕ್ಕವು ಇಲ್ಲಿಗೆ ಸಲ್ಲದು.

5. ಮಾದರಿಯು ಕೆಟ್ಟರೆ ಯಂತ್ರವು ಸುಳ್ಳು ಹೇಳುವುದು. ಆದಕಾರಣ ಬದು, ತಿಪ್ಪೆ, ಮರದ ನೆರಳುಗಳನ್ನು ಬಿಟ್ಟು, ಒಂದೇ ತೆರನಾದ ಹೊಲದಲ್ಲಿ ಹತ್ತು ಕಡೆ ಮೇಲಿನ ಕಸವನ್ನು ಸರಿಸಿ, 6 ಅಂಗುಲ ಆಳದವರೆಗೆ ತೆಳುವಾದ ಪದರವನ್ನು ತೆಗೆಯತಕ್ಕದ್ದು. ಎಲ್ಲವನ್ನೂ ಬೆರಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋವನ್ನು ಸರ್ವೆ ನಂಬರಿನ ಚೀಟಿಯೊಡನೆ ಚೀಲದಲ್ಲಿ ಕಟ್ಟತಕ್ಕದ್ದು.

6. ಪರೀಕ್ಷೆಯು ಕೊರತೆಯನ್ನು ತೋರಿಸಬಲ್ಲದು, ತುಂಬಲಾರದು. ತುಂಬುವುದು ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಹುಳುಮನೆಯ ಹಿಕ್ಕೆ ಮತ್ತು ಉಳಿದ ಕಡ್ಡಿಗಳನ್ನು ಕಳಿಸಿದ ಗೊಬ್ಬರಗಳಿಂದ. ಕೆರೆಯ ಗೋಡು ಮಣ್ಣಿಗೆ ಜಿಗುಟನ್ನು ಕೊಡುವುದು. ಹೊಲದಿಂದ ಕೊಂಡದ್ದರಲ್ಲಿ ಒಂದು ಪಾಲನ್ನು ಹೊಲಕ್ಕೆ ಹಿಂದಿರುಗಿಸದ ಒಕ್ಕಲುತನವು ಮಕ್ಕಳ ಪಾಲನ್ನು ಮುಂಚಿತವಾಗಿ ಉಂಡಂತೆಯೇ ಸರಿ.