ಚರ್ಮವ್ಯಾಧಿಗೆ ದೂರವೈದ್ಯ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು



ತೋಟದ ಕೆಲಸಕ್ಕೂ ಚರ್ಮವ್ಯಾಧಿಗೂ ಹತ್ತಿರದ ನಂಟು. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಸಿಂಪಡಿಸುವ ಕೈಗಳಿಗೆ ಉರಿ ಮತ್ತು ಬಿರುಕು. ಬೆವರಿದ ಬಟ್ಟೆಯಲ್ಲೇ ದುಡಿಯುವವರ ತೊಡೆಸಂದಿಗೆ ಹುಳುಕಡ್ಡಿ. ಕಾಂಗ್ರೆಸ್ ಗಿಡ ಕಿತ್ತವರ ಮುಖ, ಕುತ್ತಿಗೆಗೆ ತುರಿಕೆ. ಪ್ರಾಣ ತೆಗೆಯುವ ಕಾಯಿಲೆಯಲ್ಲವೆಂದು ನಾವು ಇವನ್ನು ಮುಂದೂಡುತ್ತೇವೆ. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರಿಗೆ ಸುಮಾರು 60 ಕಿಲೋಮೀಟರ್. ತಜ್ಞರನ್ನು ಕಾಣಲು ಹೋದರೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಕೈಬಿಡುತ್ತವೆ. ಆದುದರಿಂದ ಅನೇಕರು ಔಷಧಿ ಅಂಗಡಿಯಲ್ಲೇ ಒಂದು ಟ್ಯೂಬ್ ಕೇಳಿ ತರುತ್ತಾರೆ.

ಅಪಾಯವಿರುವುದು ಇಲ್ಲಿಯೇ. ಇಂಥ ಅನೇಕ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಕೆಲವೇ ದಿನಗಳಲ್ಲಿ ತುರಿಕೆ ಅಡಗುತ್ತದೆ. ಆದರೆ ಹುಳುಕಡ್ಡಿಯ ಶಿಲೀಂಧ್ರ ಸಾಯುವುದಿಲ್ಲ. ಬಿಟ್ಟೊಡನೆ ಅದು ಮೊದಲಿಗಿಂತ ಅಗಲವಾಗಿ ಹಬ್ಬುತ್ತದೆ, ಮನೆಮಂದಿಗೂ ಅಂಟುತ್ತದೆ. ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಮಾಡಿತು. ರೋಗ ಗುರುತಿಸದೆ ತೋಟಕ್ಕೆ ಔಷಧಿ ಹೊಡೆಯಬಾರದೆಂದು ಬಲ್ಲ ನಾವು ನಮ್ಮ ಮೈಗೂ ಅದೇ ವಿವೇಕವನ್ನು ತೋರಬೇಕಲ್ಲವೇ?

ದೂರವೈದ್ಯ ನಮ್ಮ ಜಿಲ್ಲೆಗೆ ಹೊಸದಲ್ಲ. 2002ರಲ್ಲಿಯೇ ಇಸ್ರೋ ಸಂಸ್ಥೆಯು ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಅಂದು ಮುಖ್ಯವಾಗಿ ಹೃದ್ರೋಗಿಗಳಿಗೆ ಅದರ ನೆರವು. 2020ರಲ್ಲಿ ದೂರವೈದ್ಯಕ್ಕೆ ದೇಶದಾದ್ಯಂತ ಮಾರ್ಗಸೂಚಿ ಬಂದಿತು. ಸರ್ಕಾರದ ಇ-ಸಂಜೀವಿನಿ ಸೇವೆಯ ಮೂಲಕ ಆರೋಗ್ಯ ಕೇಂದ್ರದಲ್ಲಿ ಕುಳಿತೇ ದೂರದ ವೈದ್ಯರೊಡನೆ ಉಚಿತವಾಗಿ ಮಾತನಾಡಬಹುದು. ಚರ್ಮ ಕಣ್ಣಿಗೆ ಕಾಣುವ ಅಂಗವಾದುದರಿಂದ ಈ ವಿಧಾನಕ್ಕೆ ಚೆನ್ನಾಗಿ ಒಗ್ಗುತ್ತದೆ. ಇದರಲ್ಲಿ ಎರಡು ಕ್ರಮಗಳುಂಟು: ಫೋಟೋ ಮತ್ತು ವಿವರ ಕಳುಹಿಸಿ ತಜ್ಞರ ಉತ್ತರಕ್ಕೆ ಕಾಯುವುದು ಒಂದು, ವಿಡಿಯೋದಲ್ಲಿ ಮುಖಾಮುಖಿ ಮಾತನಾಡುವುದು ಇನ್ನೊಂದು.

ತಜ್ಞರ ತೀರ್ಮಾನ ನಾವು ಒದಗಿಸುವ ವಿವರವನ್ನು ಅವಲಂಬಿಸಿದೆ. ಆದುದರಿಂದ ಈ ಕೆಳಗಿನವನ್ನು ಗಮನಿಸಬೇಕು.

1. ಹಗಲು ಬೆಳಕಿನಲ್ಲಿ, ನೆರಳಿನಲ್ಲಿ ನಿಂತು ಫೋಟೋ ತೆಗೆಯಿರಿ. ಒಂದು ದೂರದಿಂದ, ಒಂದು ಹತ್ತಿರದಿಂದ ಇರಲಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯವಿಡಿ.

2. ಅರಿಶಿನ, ಎಣ್ಣೆ, ಮುಲಾಮು ಹಚ್ಚಿದ ಮೇಲೆ ಫೋಟೋ ತೆಗೆಯಬೇಡಿ.

3. ಎಷ್ಟು ದಿನದಿಂದ ಇದೆ, ಮನೆಯಲ್ಲಿ ಬೇರೆಯವರಿಗೂ ಇದೆಯೇ, ಯಾವ ಔಷಧಿ ಸಿಂಪಡಿಸಿದಿರಿ ಎಂಬುದನ್ನು ಹೇಳಿ. ಹಚ್ಚಿದ ಟ್ಯೂಬನ್ನೂ ತೋಟದ ಔಷಧಿಯ ಡಬ್ಬಿಯ ಚೀಟಿಯನ್ನೂ ಮರೆಮಾಚದೆ ತೋರಿಸಿ.

4. ಮರೆಯ ಅಂಗದ ಫೋಟೋವನ್ನು ಊರವರ ಮೊಬೈಲಿನಲ್ಲಿ ತೆಗೆಸಬೇಡಿ. ಹೆಣ್ಣುಮಕ್ಕಳು ಆರೋಗ್ಯ ಕೇಂದ್ರದ ಸಿಸ್ಟರ್ ನೆರವು ಪಡೆಯಲಿ.

ಫೋಟೋಗೆ ಕಾಣದ ಸಂಗತಿಯೂ ಉಂಟು, ಅದು ಸ್ಪರ್ಶ. ಮೈಮೇಲೆ ಬಣ್ಣ ಮಾಸಿದ ಮಚ್ಚೆಯಿದ್ದು, ಅಲ್ಲಿ ಮುಟ್ಟಿದರೂ ಚುಚ್ಚಿದರೂ ತಿಳಿಯದಿದ್ದರೆ ಅದು ಕುಷ್ಠವಿರಬಹುದು. ನಮ್ಮ ಯಳಂದೂರು ತಾಲ್ಲೂಕಿನಲ್ಲಿ ಈ ರೋಗ ಹೆಚ್ಚಾಗಿದ್ದ ಕಾರಣದಿಂದಲೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಇಂಥ ಮಚ್ಚೆ ತುರಿಸದು, ನೋಯದು. ಆದುದರಿಂದಲೇ ಜನ ಅಲಕ್ಷಿಸುತ್ತಾರೆ. ತಡಮಾಡಿದರೆ ನರ ಹಾಳಾಗಿ ಕೈಬೆರಳು ಮಡಚಿಕೊಳ್ಳುತ್ತವೆ. ಬೇಗ ಹೋದರೆ ಪೂರ್ತಿ ಗುಣವಾಗುತ್ತದೆ, ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇದಕ್ಕೆ ವೈದ್ಯರು ಕೈಯಿಂದ ಮುಟ್ಟಿಯೇ ಪರೀಕ್ಷಿಸಬೇಕು.

ಹಾಗೆಯೇ ಮಾತ್ರೆ ನುಂಗಿದ ಮೇಲೆ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿದರೆ, ಮುಖ ಊದಿ ಉಸಿರು ಕಟ್ಟಿದರೆ, ಜ್ವರದೊಡನೆ ಕಾಲು ಕೆಂಪೇರಿ ಊದಿಕೊಂಡರೆ ಮೊಬೈಲ್ ಹಿಡಿದು ಕೂರದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಸದಸ್ಯರು ತಮ್ಮ ಮನೆಯವರಿಗೆ ಮಾತ್ರವಲ್ಲದೆ ತೋಟದ ಆಳುಗಳಿಗೂ ಈ ವಿಷಯ ತಿಳಿಸಿ, ಮುಂದಿನ ಸಿಂಪಡಣೆಗೆ ಮುನ್ನ ಅವರಿಗೆ ಕೈಗವಸು ಕೊಡಿಸಬೇಕೆಂದು ನಮ್ಮ ಕೋರಿಕೆ.