ಮಿತವ್ಯಯದ ಪ್ರವಾಸ

“ದೇಶ ಸುತ್ತು, ಕೋಶ ಓದು” ಎಂಬುದು ಹಿರಿಯರ ಮಾತು. ಕೋಶ ಓದುವುದಕ್ಕೆ ಕಾಲೇಜಿನ ಗ್ರಂಥಾಲಯವಿದೆ; ದೇಶ ಸುತ್ತುವುದಕ್ಕೆ ಹಣ ಬೇಕು. ಆ ಹಣದ ಮಾತನ್ನು ಮೊದಲೇ ಸರಿಯಾಗಿ ಆಡದಿದ್ದರೆ ಪ್ರವಾಸವು ಕೆಲವರಿಗೆ ಸಂತೋಷವನ್ನೂ ಕೆಲವರಿಗೆ ಸಂಕಟವನ್ನೂ ತರುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ಕಳೆದ ವರ್ಷ ನಮ್ಮ ತರಗತಿಯವರು ಮೊದಲು ದೂರದ ಊರೊಂದನ್ನು ಆರಿಸಿದೆವು; ಆಮೇಲೆ ಬಸ್ಸು ಗೊತ್ತುಮಾಡಿದೆವು; ಕೊನೆಗೆ ತಲೆಗೆ ಇಷ್ಟು ಎಂದು ಹಣ ಕೇಳಿದೆವು. ಅರಕಲಗೂಡಿನ ಕಡೆಯ ಗೆಳೆಯನೊಬ್ಬ, “ಊರಲ್ಲಿ ರಾಗಿ ಒಕ್ಕಣೆ ಐತೆ, ನೀವು ಹೋಗ್ಬನ್ರೋ” ಎಂದ. ನಾವು ನಂಬಿದೆವು. ಹಿಂತಿರುಗಿ ಬಂದು ಚಿತ್ರಗಳನ್ನು ತೋರಿಸಿದಾಗ ಅವನು ಪ್ರತಿಯೊಂದು ಸ್ಥಳದ ಹೆಸರನ್ನೂ ಕೇಳಿ ಕೇಳಿ ತಿಳಿದುಕೊಂಡ. ಒಕ್ಕಣೆ ಇದ್ದುದು ನಿಜ. ಹಣವಿಲ್ಲದುದು ಅದಕ್ಕಿಂತ ನಿಜವೆಂದು ನಮಗೆ ಆಗ ಹೊಳೆಯಿತು. ತಪ್ಪು ಅವನ ಜೇಬಿನದಲ್ಲ, ನಮ್ಮ ಲೆಕ್ಕದ ಕ್ರಮದ್ದು.

ಆದುದರಿಂದ ಮಿತವ್ಯಯದ ಪ್ರವಾಸಕ್ಕೆ ಮೊದಲನೆಯ ಸೂತ್ರವಿದು: ಮೊದಲು ಹಣ, ಆಮೇಲೆ ಊರು. ಈ ವರ್ಷ ಇಪ್ಪತ್ತು ಮಂದಿಯೂ ಹೆಸರು ಬರೆಯದ ಚೀಟಿಯಲ್ಲಿ ತಾವು ಕೊಡಬಲ್ಲ ಮೊತ್ತವನ್ನು ಬರೆದು ಡಬ್ಬಿಗೆ ಹಾಕಿದೆವು. ಎಲ್ಲಕ್ಕಿಂತ ಕಡಿಮೆಯಿದ್ದ ಚೀಟಿಯಲ್ಲಿ 500 ರೂಪಾಯಿ ಎಂದಿತ್ತು. ಅದು ಯಾರದೆಂದು ಯಾರೂ ವಿಚಾರಿಸಲಿಲ್ಲ. ಅದನ್ನೇ ಎಲ್ಲರ ಪಾಲೆಂದು ಗೊತ್ತುಮಾಡಿದೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸರಿ. ಗುಂಪಿನಲ್ಲಿ ಹಾಸಿಗೆ ಎಂದರೆ ಎಲ್ಲರಿಗಿಂತ ಚಿಕ್ಕದಾದ ಹಾಸಿಗೆ.

ಇಪ್ಪತ್ತು ಪಾಲಿಗೆ 10,000 ರೂಪಾಯಿ. ಇದರಲ್ಲಿ ಹತ್ತನೆಯ ಒಂದು ಭಾಗ, ಎಂದರೆ 1,000 ರೂಪಾಯಿಯನ್ನು ಜ್ವರ, ನೋವು, ತಪ್ಪಿದ ಬಸ್ಸು ಇವುಗಳಿಗೆಂದು ತೆಗೆದಿಟ್ಟೆವು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ನಮ್ಮ ಹನ್ನೆರಡು ಮಂದಿ ಸಹಪಾಠಿನಿಯರಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ಹಣವಿಲ್ಲ. ಎಂಟು ಮಂದಿ ಹುಡುಗರಿಗೆ ತಲಾ 400ರಂತೆ 3,200 ಎಂದು ಹಿಡಿದೆವು. ಉಳಿದ 5,800 ರೂಪಾಯಿಯನ್ನು ಇಪ್ಪತ್ತು ಜನಕ್ಕೆ ಮೂರು ದಿನಕ್ಕೆ ಹಂಚಿದರೆ ದಿನವೊಂದಕ್ಕೆ ತಲೆಗೆ ಸುಮಾರು 97 ರೂಪಾಯಿ. ಹೋಟೆಲಿಗೆ ಸಾಲದು, ಅಕ್ಕಿ, ರಾಗಿಹಿಟ್ಟು, ಬೇಳೆ ಕೊಂಡು ನಾವೇ ಅಡಿಗೆ ಮಾಡಿಕೊಂಡರೆ ಧಾರಾಳವಾಗಿ ಸಾಕು. ಹುಡುಗರ ಬಸ್ಸಿನ ಹಣ ನಮ್ಮ ಪಾಲಿನಿಂದ ಏಕೆ ಹೋಗಬೇಕು ಎಂದು ಸಹಪಾಠಿನಿಯರು ಕೇಳಿದ್ದರೆ ಅದು ನ್ಯಾಯವಾದ ಪ್ರಶ್ನೆಯೇ ಆಗುತ್ತಿತ್ತು. ಅವರು ಕೇಳಲಿಲ್ಲ, ನಾವು ಪಾತ್ರೆ ತೊಳೆಯುವ ಕೆಲಸವನ್ನು ಮೂರು ದಿನವೂ ವಹಿಸಿಕೊಂಡೆವು.

ಎರಡನೆಯ ಸೂತ್ರ: ದೂರದಲ್ಲಿ ಹುಡುಕುವ ಮುನ್ನ ಹತ್ತಿರದಲ್ಲಿ ನೋಡು. ಫ್ರಾನ್ಸ್ ದೇಶದಲ್ಲಿ ಪ್ರವಾಸಿಗಳು ದ್ರಾಕ್ಷಿಯ ತೋಟಗಳನ್ನು ನೋಡಿ, ಬಯಲಿನಲ್ಲಿ ಡೇರೆ ಹಾಕಿ, ಪಟ್ಟಣಗಳನ್ನು ಸುತ್ತುತ್ತಾರೆ. ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿಯ ಸ್ಥಾನದಲ್ಲಿ ಕಾಫಿ ಇದೆ. ಪಟ್ಟಣ ಬೇಕೆಂದರೆ ಹೊಯ್ಸಳರ ರಾಜಧಾನಿಯೇ ಇದೆ. ಹಾಸನದಿಂದ ಹೊರಟು ಹಾಸನಕ್ಕೆ ಬರುವ ನಮ್ಮ ದಾರಿ ಸುಮಾರು 280 ಕಿಲೋಮೀಟರು.

ಮೊದಲನೆಯ ದಿನ ಸಕಲೇಶಪುರ. ಬೆಳಿಗ್ಗೆ ಮಂಜರಾಬಾದಿನ ಕೋಟೆಯನ್ನು ಹತ್ತಬೇಕು. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಈ ಕೋಟೆ ನಕ್ಷತ್ರದಂತೆ ಎಂಟು ಮೂಲೆಗಳುಳ್ಳದ್ದು. ಮಧ್ಯಾಹ್ನ ಕಾಫಿಯ ತೋಟ. ಜನವರಿಯಲ್ಲಿ ರೊಬಸ್ಟಾ ಕೊಯ್ಲು ನಡೆಯುವುದರಿಂದ ಇದೇ ಸಕಾಲ. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಚೆರ್ರಿ. ಸಿಪ್ಪೆ ಸುಲಿದು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ತೋಟದ ಮಾಲೀಕರಿಗೆ ಪ್ರಾಂಶುಪಾಲರಿಂದ ಪತ್ರವನ್ನು ಮುಂಚಿತವಾಗಿ ಕಳುಹಿಸಬೇಕು. ಕೊಯ್ಯುವವರ ಕೆಲಸಕ್ಕೆ ಅಡ್ಡಬರಬಾರದು; ಅವರಿಗೆ ಅದು ಪ್ರವಾಸವಲ್ಲ, ಅಂದಿನ ಕೂಲಿ. ಅಲ್ಲಿ ಡೇರೆ ಹಾಕುವ ಆಸೆಯನ್ನು ಬಿಡಬೇಕು. ಆಲೂರು, ಸಕಲೇಶಪುರಗಳ ಕಡೆ ಆನೆಗಳ ಓಡಾಟವಿದೆ. ಸಂಜೆಯ ಬಸ್ಸಿಗೆ ಬೇಲೂರು ಸೇರಿ, ಮೊದಲೇ ಅನುಮತಿ ಪಡೆದ ಶಾಲೆಯ ಕೊಠಡಿಗಳಲ್ಲಿ ತಂಗಿದೆವು.

ಎರಡನೆಯ ದಿನ ಬೇಲೂರು, ಹಳೇಬೀಡು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇವರನ್ನು ಹುಡುಕಿ ನೋಡಬೇಕು. ಹದಿನಾರು ಕಿಲೋಮೀಟರು ದೂರದ ಹಳೇಬೀಡೇ ಹಿಂದಿನ ದೋರಸಮುದ್ರ. ಹೆಚ್ಚಿನವರು ಹೊಯ್ಸಳೇಶ್ವರನನ್ನು ಮಾತ್ರ ನೋಡಿ ಬಸ್ಸು ಹತ್ತುತ್ತಾರೆ. ಸಮೀಪದ ಪಾರ್ಶ್ವನಾಥ ಬಸದಿಯ ಕಂಬಗಳ ನುಣುಪನ್ನು ಬಿಡಬಾರದು. ಈ ಎರಡೂ ಊರುಗಳ ದೇವಾಲಯಗಳು ಸೋಮನಾಥಪುರದ ಜೊತೆಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಸಾವಿರಾರು ಮೈಲಿಯಿಂದ ಜನ ಬಂದು ನೋಡುವುದನ್ನು ನಮ್ಮಲ್ಲಿ ಆರು ಮಂದಿ ಅದುವರೆಗೆ ನೋಡಿರಲಿಲ್ಲ.

ಅಂದು ಸಂಜೆ ಹಾಸನದ ಮೇಲೆ ಅರಕಲಗೂಡಿನ ಕಡೆಗೆ ಹೊರಟೆವು. ಡೇರೆ ಎಲ್ಲಿ ಹಾಕುವುದೆಂದು ಯೋಚಿಸುತ್ತಿದ್ದಾಗ, ಹಿಂದಿನ ವರ್ಷ ಉಳಿದುಹೋಗಿದ್ದ ಗೆಳೆಯನೇ, “ಒಕ್ಕಣೆ ಮುಗಿದಿರ್ತದೆ, ನಮ್ಮ ಕಣಾನೇ ಖಾಲಿ” ಎಂದಿದ್ದ. ಎರವಲು ತಂದ ಡೇರೆಗಳನ್ನು ಅಲ್ಲಿ ಕಟ್ಟಿದೆವು. ಡೇರೆವಾಸಕ್ಕೆ ಮೂರು ಮಾತು ನೆನಪಿರಲಿ. ಜನವರಿಯ ಇಬ್ಬನಿಗೆ ಮೇಲೆ ಕಂಬಳಿ ಎಷ್ಟು ಮುಖ್ಯವೋ ಕೆಳಗೆ ಹಾಸುವ ಹುಲ್ಲೂ ಅಷ್ಟೇ ಮುಖ್ಯ. ಒಲೆಯನ್ನು ಹುಲ್ಲಿನ ಮೆದೆಯಿಂದ ದೂರದಲ್ಲಿ, ಕಿಡಿ ಅತ್ತ ಹಾರದಂತೆ ಹೂಡಿ, ಮಲಗುವ ಮುನ್ನ ನೀರು ಹಾಕಿ ಆರಿಸಬೇಕು. ಬೆಳಿಗ್ಗೆ ಹೊರಡುವಾಗ ಕಣವನ್ನು ಗುಡಿಸಿ ಒಪ್ಪಿಸಬೇಕು. ಗೆಳೆಯನ ತಾಯಿ ಅವರೆಕಾಳಿನ ಸಾರನ್ನು ಕಳುಹಿಸಿದರು. “ಸಾಮಾನು ತಂದಿದ್ದೇವೆ ಅಮ್ಮ” ಎಂದರೆ, “ಅದು ನಾಳೆಗಾಯ್ತದೆ, ಉಣ್ಣಿ ಮಕ್ಕಳೇ” ಎಂದರು. ನಮ್ಮ ಲೆಕ್ಕದ ಪುಸ್ತಕದಲ್ಲಿ ಆ ಸಾರಿಗೆ ಜಾಗವಿರಲಿಲ್ಲ.

ಮೂರನೆಯ ದಿನ ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹನ ಗುಡಿಯನ್ನೂ ಹೇಮಾವತಿಯನ್ನೂ ನೋಡಿ, ಚನ್ನರಾಯಪಟ್ಟಣದ ಮೇಲೆ ಶ್ರವಣಬೆಳಗೊಳಕ್ಕೆ ಹೋದೆವು. ಆರುನೂರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕಾದುದರಿಂದ ನಡುಹಗಲನ್ನು ಬಿಟ್ಟು ಸಂಜೆ ನಾಲ್ಕಕ್ಕೆ ಹತ್ತುವುದು ಲೇಸು. ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ಮಾಡಿಸಿದ ಆ ಮೂರ್ತಿಯ ಎತ್ತರ ಸುಮಾರು 58 ಅಡಿ. ಎಲ್ಲವನ್ನೂ ಬಿಟ್ಟು ನಿಂತವನ ಮುಂದೆ ನಮ್ಮ ಐನೂರು ರೂಪಾಯಿಯ ಲೆಕ್ಕ ನೆನಪಾಗಿ ನಗು ಬಂತು.

ಚನ್ನರಾಯಪಟ್ಟಣದವರು ದಾರಿಯಲ್ಲೇ ಇಳಿದರು. ಉಳಿದವರು ರಾತ್ರಿ ಹಾಸನ ಸೇರಿದೆವು. ತೆಗೆದಿಟ್ಟಿದ್ದ ಸಾವಿರದಲ್ಲಿ ಉಳಿದುದನ್ನು ಸಮನಾಗಿ ಹಂಚಿದೆವು. ಮುಂದಿನ ವರ್ಷ ಪ್ರವಾಸ ಹೊರಡುವ ಕಿರಿಯ ಮಿತ್ರರು ನಮ್ಮ ದಾರಿಯನ್ನೇ ಹಿಡಿಯಬೇಕೆಂದೇನೂ ಇಲ್ಲ. ಚೀಟಿಯ ಡಬ್ಬಿಯನ್ನು ಮಾತ್ರ ಮರೆಯದಿರಲಿ. ಈ ಸಲ ಬಸ್ಸಿನಲ್ಲಿ ಹೆಸರು ಕರೆದಾಗ ಇಪ್ಪತ್ತು ಮಂದಿಯೂ ಓಗೊಟ್ಟರು.