ಬೀದಿಯೇ ಚಿತ್ರಶಾಲೆ

ಮನೆಯೆಂದರೆ ನಾಲ್ಕು ಗೋಡೆಗಳು, ಮೇಲೊಂದು ಸೂರು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಗೋಡೆಯ ಒಳಮೈ ನಮ್ಮದು. ಅದಕ್ಕೆ ಸುಣ್ಣ ಬಳಿಯುತ್ತೇವೆ, ಪಟಗಳನ್ನು ತೂಗುಹಾಕುತ್ತೇವೆ. ಆದರೆ ಅದೇ ಗೋಡೆಯ ಹೊರಮೈ ಯಾರದು? ಬೀದಿಯಲ್ಲಿ ಹೋಗುವವರೆಲ್ಲ ಅದನ್ನು ನೋಡುತ್ತಾರೆ. ನೋಡಿಕೊಳ್ಳುವವರು ಮಾತ್ರ ವಿರಳ. ನೂರಾರು ಸಂಸಾರಗಳು ಬಾಡಿಗೆಗೆ ವಾಸಿಸುವ ದೊಡ್ಡ ವಸತಿ ಕಟ್ಟಡಗಳಲ್ಲಂತೂ ಹೊರಗೋಡೆಯು ಯಾರಿಗೂ ಸೇರದ ವಸ್ತುವಾಗಿಬಿಡುತ್ತದೆ. ಫ್ರಾನ್ಸ್ ದೇಶದ ಲಿಯೋನ್ ನಗರದ ಒಂದು ಬಡಾವಣೆಯ ನಿವಾಸಿಗಳು ಈ ಪ್ರಶ್ನೆಗೆ ತಮ್ಮದೇ ಆದ ಉತ್ತರವನ್ನು ಕಂಡುಕೊಂಡರು.

ರೋನ್ ಮತ್ತು ಸೋನ್ ನದಿಗಳು ಕೂಡುವಲ್ಲಿ ನೆಲೆಸಿರುವ ಲಿಯೋನ್, ರೇಷ್ಮೆಯ ನೇಯ್ಗೆಗೆ ಹೆಸರಾದ ನಗರ. ಅಲ್ಲಿಯ ನೇಕಾರರ ಬಡಾವಣೆಯೊಂದರಲ್ಲಿ 1869ರಲ್ಲಿ ಟೋನಿ ಗಾರ್ನಿಯೆ ಜನಿಸಿದರು. ವಾಸ್ತುಶಿಲ್ಪವನ್ನು ಅಭ್ಯಸಿಸಿದ ಅವರಿಗೆ 1899ರಲ್ಲಿ ರೋಮ್ ನಗರದಲ್ಲಿ ವಾಸಿಸಿ ವ್ಯಾಸಂಗ ಮಾಡುವ ಪ್ರತಿಷ್ಠಿತ ಪುರಸ್ಕಾರವು ದೊರೆಯಿತು. ಪುರಾತನ ಕಟ್ಟಡಗಳ ಅಳತೆ ತೆಗೆದು ಚಿತ್ರಿಸುವುದು ಅಲ್ಲಿ ಅವರಿಂದ ನಿರೀಕ್ಷಿಸಿದ ಕೆಲಸ. ಆದರೆ ಅವರ ಮನಸ್ಸು ಅಳಿದ ನಗರಗಳಿಗಿಂತ ಹೆಚ್ಚಾಗಿ ಇನ್ನೂ ಹುಟ್ಟದ ನಗರವೊಂದರಲ್ಲಿ ನೆಟ್ಟಿತ್ತು. ಸುಮಾರು 35,000 ಜನರು ಸುಖವಾಗಿ ಬಾಳಬಹುದಾದ ‘ಕೈಗಾರಿಕಾ ನಗರ’ವನ್ನು ಅವರು ಕಾಗದದ ಮೇಲೆ ಕಟ್ಟಿದರು. ಅಲ್ಲಿ ಕಾರ್ಖಾನೆಗಳು ಒಂದೆಡೆ, ಮನೆಗಳು ಇನ್ನೊಂದೆಡೆ. ಎತ್ತರದ ಜಾಗದಲ್ಲಿ ಆಸ್ಪತ್ರೆ. ಪ್ರತಿ ಮನೆಗೂ ಗಾಳಿ, ಬೆಳಕು. ಬೇಲಿಯಿಲ್ಲದ ಹಸುರು ಅಂಗಳಗಳು. ಆ ನಗರದಲ್ಲಿ ಸೆರೆಮನೆಯೇ ಇರಲಿಲ್ಲ! ನ್ಯಾಯವಾದ ಸಮಾಜದಲ್ಲಿ ಅದರ ಅಗತ್ಯ ಬೀಳದೆಂದು ಅವರು ನಂಬಿದ್ದರು. ಈ ನಕ್ಷೆಗಳು 1917ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು.

ಗಾರ್ನಿಯೆ ಅವರ ಕನಸಿನ ನಗರವು ಪೂರ್ಣವಾಗಿ ಎಲ್ಲಿಯೂ ನಿರ್ಮಾಣವಾಗಲಿಲ್ಲ. ಆದರೆ ಲಿಯೋನಿನ ಮೇಯರ್ ಎದುವಾರ್ ಎರಿಯೋ ಅವರ ಪ್ರೋತ್ಸಾಹದಿಂದ ಅದರ ಕೆಲವು ಅಂಶಗಳು ರೂಪುತಳೆದವು. ಒಂದು ಆಸ್ಪತ್ರೆ, ಒಂದು ಕ್ರೀಡಾಂಗಣ, ಮತ್ತು ಕಾರ್ಮಿಕರಿಗಾಗಿ ಒಂದು ವಸತಿ ಬಡಾವಣೆ ನಿರ್ಮಾಣವಾದವು. 1,500ಕ್ಕೂ ಹೆಚ್ಚು ಮನೆಗಳನ್ನುಳ್ಳ ಈ ಬಡಾವಣೆಯ ನಿರ್ಮಾಣವು 1930ರ ದಶಕದವರೆಗೆ ಸಾಗಿತು. ಮನೆಯೊಳಗೇ ನಲ್ಲಿಯ ನೀರು, ವಿದ್ಯುದ್ದೀಪ, ಶೌಚಗೃಹ ಇವು ಆ ಕಾಲದ ಕೂಲಿಕಾರರ ಪಾಲಿಗೆ ಅಪರೂಪದ ಸೌಕರ್ಯಗಳು.

ಕಾಲ ಉರುಳಿತು. ಐವತ್ತು ವರ್ಷಗಳಲ್ಲಿ ಕಟ್ಟಡಗಳು ಜೀರ್ಣವಾದವು, ಗೋಡೆಗಳು ಕಪ್ಪಿಟ್ಟವು. ಒಮ್ಮೆ ಹೆಮ್ಮೆಯ ನೆಲೆಯಾಗಿದ್ದ ಬಡಾವಣೆಯು ಕಳೆಗುಂದಿತು. 1980ರ ದಶಕದಲ್ಲಿ ಬಾಡಿಗೆದಾರರು ಒಂದು ಸಮಿತಿಯನ್ನು ರಚಿಸಿಕೊಂಡು, ಮನೆಗಳನ್ನು ದುರಸ್ತಿ ಮಾಡಬೇಕೆಂದು ಒತ್ತಾಯಿಸಿದರು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ತಾವು ವಾಸಿಸುತ್ತಿರುವುದು ಮಹಾ ವಾಸ್ತುಶಿಲ್ಪಿಯೊಬ್ಬನ ಕೃತಿಯಲ್ಲಿ ಎಂಬ ಅರಿವು ಅವರಲ್ಲಿ ಮೂಡಿತ್ತು. ಈ ಸಂಗತಿ ಲೋಕಕ್ಕೂ ತಿಳಿಯಬೇಕೆಂಬುದು ಅವರ ಬಯಕೆಯಾಯಿತು.

ಕಟ್ಟಡಗಳ ತುದಿಗಳಲ್ಲಿ ಕಿಟಕಿಯಿಲ್ಲದ ಎತ್ತರದ ಬೋಳು ಗೋಡೆಗಳಿದ್ದವು. ಗಾರ್ನಿಯೆ ಕಾಗದದ ಮೇಲೆ ಬರೆದ ನಗರವನ್ನು ಈ ಗೋಡೆಗಳ ಮೇಲೆಯೇ ಬರೆಯಬಾರದೇಕೆ? ‘ಸಿತೆ ಕ್ರೆಯಾಸ್ಯೋಂ’ ಎಂಬ ಭಿತ್ತಿಚಿತ್ರಕಾರರ ಸಂಘವು ನಿವಾಸಿಗಳೊಡನೆ ಕೈಜೋಡಿಸಿತು. 1988ರಲ್ಲಿ ಆರಂಭವಾದ ಕಾರ್ಯವು 1997ರವರೆಗೆ ನಡೆಯಿತು. ಸುಮಾರು 230 ಚದರ ಮೀಟರ್ ವಿಸ್ತಾರದ ಒಂದೊಂದು ಗೋಡೆಯ ಮೇಲೂ ಒಂದೊಂದು ಚಿತ್ರ ಅರಳಿತು. ಆಸ್ಪತ್ರೆ, ಶಾಲೆ, ಕ್ರೀಡಾಂಗಣ, ಕಾರ್ಖಾನೆ ಹೀಗೆ ಅರ್ಧ ಶತಮಾನಕ್ಕೂ ಹಿಂದಿನ ನಕ್ಷೆಗಳು ಬೀದಿಗಿಳಿದು ನಿಂತವು. ಪ್ರವೇಶದ್ವಾರವಾಗಲಿ ಚೀಟಿಯಾಗಲಿ ಇಲ್ಲದ ಈ ಚಿತ್ರಶಾಲೆಯಲ್ಲಿ ತರಕಾರಿಗೆ ಹೋಗುವವರೂ ಶಾಲೆಯಿಂದ ಮರಳುವ ಮಕ್ಕಳೂ ನಿತ್ಯದ ಪ್ರೇಕ್ಷಕರು.

ಗಾರ್ನಿಯೆ ಅವರ ಕನಸಿನೊಡನೆ ಇತರ ನಾಡುಗಳ ಕನಸುಗಳಿಗೂ ಇಲ್ಲಿ ಸ್ಥಳ ದೊರೆಯಿತು. ಭಾರತ, ಈಜಿಪ್ಟ್, ಮೆಕ್ಸಿಕೊ, ರಷ್ಯ, ಐವರಿ ಕೋಸ್ಟ್ ಮತ್ತು ಅಮೆರಿಕ ದೇಶಗಳ ಕಲಾವಿದರು ತಮ್ಮ ತಮ್ಮ ಆದರ್ಶ ನಗರವನ್ನು ಕಲ್ಪಿಸಿದರು. ಭಾರತದ ಚಿತ್ರವನ್ನು ರಚಿಸಿದವರು ವಾರ್ಲಿ ಬುಡಕಟ್ಟಿನ ಕಲಾವಿದ ಶಾಂತಾರಾಮ ತುಂಬಡಾ. ಮಹಾರಾಷ್ಟ್ರದ ವಾರ್ಲಿ ಜನರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ವೃತ್ತ, ತ್ರಿಕೋನ, ಗೆರೆಗಳಲ್ಲಿಯೇ ಮನುಷ್ಯರನ್ನೂ ಮರಗಳನ್ನೂ ಮೂಡಿಸುತ್ತಾರೆ. ನಮ್ಮ ಮಲೆನಾಡಿನ ಹಸೆ ಚಿತ್ತಾರವನ್ನು ಕಂಡವರಿಗೆ ಈ ಬಗೆಯ ಕಲೆ ಹೊಸದಲ್ಲ. ಮದುವೆಯ ಮನೆಯ ಗೋಡೆಯನ್ನು ಸಿಂಗರಿಸುವ ಈ ಕಲೆಯು ಸಾಗರದಾಚೆಯ ಕಾರ್ಮಿಕರ ಮನೆಗಳಿಗೂ ಶೋಭೆ ತಂದಿತು.

1991ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಕಾರ್ಯಕ್ಕೆ ಮನ್ನಣೆ ನೀಡಿತು. ಗಾರ್ನಿಯೆ ಅವರ ಹೆಸರಿನ ವಸ್ತುಸಂಗ್ರಹಾಲಯವಾಗಿ ಇಡೀ ಬಡಾವಣೆಯೇ ಪ್ರಸಿದ್ಧಿ ಪಡೆಯಿತು. ಅಲ್ಲಿಯ ಒಂದು ಮನೆಯನ್ನು 1930ರ ದಶಕದ ಪೀಠೋಪಕರಣಗಳೊಡನೆ ಅಂದಿನಂತೆಯೇ ಸಜ್ಜುಗೊಳಿಸಲಾಗಿದೆ. ಉಳಿದ ಮನೆಗಳಲ್ಲಿ ಜನರು ಎಂದಿನಂತೆ ವಾಸಿಸುತ್ತಾರೆ.

ಚಿತ್ರದಿಂದ ಹೊಟ್ಟೆ ತುಂಬುವುದೇ, ಸೋರುವ ಮಾಳಿಗೆ ನಿಲ್ಲುವುದೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಹರಕು ಗೋಡೆಯನ್ನು ಮರೆಮಾಚಲು ಬಣ್ಣ ಬಳಿದರೆ ಅದು ಕಲೆಯಾಗದು, ವಂಚನೆಯಾದೀತು. ಲಿಯೋನಿನ ನಿವಾಸಿಗಳು ಬಣ್ಣಕ್ಕಾಗಿ ದುರಸ್ತಿಯನ್ನು ಬಿಟ್ಟುಕೊಡಲಿಲ್ಲ. ದುರಸ್ತಿಯಾಯಿತೆಂದು ಸೌಂದರ್ಯವನ್ನೂ ಬಿಟ್ಟುಕೊಡಲಿಲ್ಲ. ಬಾಡಿಗೆಯ ಮನೆಯಲ್ಲಿರುವವನಿಗೂ ಚೆಲುವಿನ ಹಕ್ಕುಂಟು ಎಂಬುದನ್ನು ಅವರು ತೋರಿಸಿಕೊಟ್ಟರು. ಬಿಸಿಲು ಮಳೆಗಳಿಗೆ ಆ ಬಣ್ಣಗಳೂ ಮಾಸುತ್ತವೆ. ಮತ್ತೆ ಮತ್ತೆ ಅವನ್ನು ನವೀಕರಿಸಬೇಕಾಗುತ್ತದೆ. ಒಡೆತನದ ಪತ್ರವೊಂದರಿಂದಲೇ ಊರು ನಮ್ಮದಾಗುವುದಿಲ್ಲ. ಅದರ ಒಳಿತಿಗಾಗಿ ಕೈ ಚಾಚಿದಾಗ, ಚಾಚಿದ ಕೈಯನ್ನು ಹಿಂದೆಗೆಯದೆ ಇದ್ದಾಗ ಮಾತ್ರ ಅದು ನಮ್ಮದಾಗುತ್ತದೆ.

ಅಭ್ಯಾಸ

1. ಗಾರ್ನಿಯೆ ಕಲ್ಪಿಸಿದ ನಗರದ ವೈಶಿಷ್ಟ್ಯಗಳಾವುವು?
2. ‘ಬಾಡಿಗೆಯ ಮನೆಯಲ್ಲಿರುವವನಿಗೂ ಚೆಲುವಿನ ಹಕ್ಕುಂಟು’ – ಈ ಮಾತನ್ನು ವಿವರಿಸಿರಿ.
3. ನಿಮ್ಮ ಬೀದಿಯ ಒಂದು ಬೋಳು ಗೋಡೆಯ ಮೇಲೆ ಏನನ್ನು ಚಿತ್ರಿಸಬಹುದು? ನೆರೆಹೊರೆಯವರೊಡನೆ ಚರ್ಚಿಸಿ ಒಂದು ಪುಟ ಬರೆಯಿರಿ.